ಶ್ರೀ ಶಂಕರಾಚಾರ್ಯರು

ಸಹ್ಯಾದ್ರಿಯ ವರಾಹಪರ್ವತದ ಮಡಿಲಲ್ಲಿ ಗಂಗಾಮೂಲವೆಂಬ ಪುಣ್ಯಸ್ಥಳವಿದೆ. ತುಂಗೆ ಮತ್ತು ಭದ್ರೆ ಎಂಬ ಎರಡು ನದಿಗಳು ಅಲ್ಲಿ ಜನ್ಮತಾಳಿ ಬೇರೆ ಬೇರೆ ದಾರಿಗಳನ್ನು ಹಿಡಿಯುತ್ತವೆ. ತುಂಗೆಯು ಶೃಂಗೇರಿಯ ಮೂಲಕ ಹರಿದು ಕೊಪ್ಪ ತಾಲ್ಲೂಕಿನ ಹರಿಹರಪುರವನ್ನು ಸೇರಿದರೆ, ಭದ್ರೆಯು ಬಾಳೆಹೊನ್ನೂರನ್ನು ಹಾಯ್ದು ನರಸಿಂಹರಾಜಪುರದ ಕಡೆಗೆ ಸಾಗುತ್ತದೆ. ಅಡಕೆಯ ತೋಟ, ಭತ್ತದ ಗದ್ದೆ, ದಟ್ಟವಾದ ಕಾಡು ಇವುಗಳಿಂದ ಕೂಡಿದ ಈ ಮಲೆನಾಡಿನ ನೆಲ ಹಲವು ಧರ್ಮಗಳಿಗೆ ಆಶ್ರಯವಿತ್ತಿದೆ. ಶೃಂಗೇರಿಯಲ್ಲಿ ಅದ್ವೈತಿಗಳ ಶಾರದಾಪೀಠವಿದೆ; ಬಾಳೆಹೊನ್ನೂರಿನಲ್ಲಿ ವೀರಶೈವರ ರಂಭಾಪುರಿ ಪೀಠವಿದೆ; ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನೀದೇವಿಯ ಜೈನ ಬಸದಿಯಿದೆ. ಶೃಂಗೇರಿ ಪಟ್ಟಣದ ನಡುವೆಯೇ 12ನೆಯ ಶತಮಾನದ ಪಾರ್ಶ್ವನಾಥ ಬಸದಿಯೊಂದು ನಿಂತಿದೆ.

ಈ ಸಾಲಿನಲ್ಲಿ ಬೌದ್ಧವಿಹಾರವೊಂದು ಮಾತ್ರ ಕಾಣುವುದಿಲ್ಲ. ಆದರೂ ಬುದ್ಧನ ಅನುಯಾಯಿಗಳು ಜಗತ್ತನ್ನು ಕುರಿತು ಏನು ಹೇಳಿದರು, ಆತ್ಮವನ್ನು ಏಕೆ ಒಪ್ಪಲಿಲ್ಲ ಎಂಬ ವಿಚಾರವನ್ನು ಶೃಂಗೇರಿಯ ವೇದಾಂತ ವಿದ್ಯಾರ್ಥಿಗಳು ಶತಮಾನಗಳಿಂದ ಓದುತ್ತ ಬಂದಿದ್ದಾರೆ. ಆ ವಿಚಾರವನ್ನು ಅರಿಯದೆ ಅವರ ವ್ಯಾಸಂಗ ಮುಂದೆ ಸಾಗಲಾರದು. ಇದಕ್ಕೆ ಕಾರಣರಾದವರು ಅದ್ವೈತ ವೇದಾಂತದ ಮಹಾಭಾಷ್ಯಕಾರರಾದ ಶ್ರೀ ಶಂಕರಾಚಾರ್ಯರು. ಬೌದ್ಧಮತವನ್ನು ಬಲವಾಗಿ ಖಂಡಿಸಿದವರೂ ಅವರೇ. ಖಂಡಿಸುವ ಮುನ್ನ ಅದನ್ನು ಕ್ರಮವಾಗಿ ನಿರೂಪಿಸಿ ತಮ್ಮ ಗ್ರಂಥದಲ್ಲಿ ಉಳಿಸಿದವರೂ ಅವರೇ.

ಶಂಕರರ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವರು ಕ್ರಿ. ಶ. 788ರಲ್ಲಿ ಹುಟ್ಟಿ 820ರಲ್ಲಿ ದೇಹತ್ಯಾಗ ಮಾಡಿದರೆಂಬುದು ಬಹುಕಾಲದಿಂದ ಪ್ರಚಲಿತವಾಗಿರುವ ಅಭಿಪ್ರಾಯ. ಇತ್ತೀಚಿನ ಅನೇಕ ಸಂಶೋಧಕರು ಅವರನ್ನು ಇನ್ನೂ ಕೆಲವು ದಶಕಗಳಷ್ಟು ಹಿಂದಕ್ಕೆ, 8ನೆಯ ಶತಮಾನದ ಪೂರ್ವಾರ್ಧಕ್ಕೆ ಒಯ್ಯುತ್ತಾರೆ. ಅವರ ಜೀವನವನ್ನು ನಿರೂಪಿಸುವ ಶಂಕರವಿಜಯ ಗ್ರಂಥಗಳು ಅವರು ತೀರಿಕೊಂಡು ಅನೇಕ ಶತಮಾನಗಳಾದ ಮೇಲೆ ರಚಿತವಾದವು. ಆದುದರಿಂದ ಅವುಗಳಲ್ಲಿ ಇತಿಹಾಸದೊಡನೆ ಭಕ್ತರ ಭಾವನೆಯೂ ಬೆರೆತಿದೆ. ಶಂಕರರ ನಿಜವಾದ ಚರಿತ್ರೆ ಅವರ ಗ್ರಂಥಗಳಲ್ಲಿದೆ. ಪರಂಪರೆಯ ಕಥೆಗಳಲ್ಲಿ ಜನರು ಅವರನ್ನು ಕಂಡ ಬಗೆಯಿದೆ. ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಿ ಓದಿದಾಗ ಆ ವ್ಯಕ್ತಿತ್ವದ ಎತ್ತರ ತಿಳಿಯುತ್ತದೆ.

ಕೇರಳದ ಪೆರಿಯಾರ್ ನದಿಯ ದಡದಲ್ಲಿರುವ ಕಾಲಡಿ ಶಂಕರರ ಜನ್ಮಸ್ಥಳ. ಅವರ ತಂದೆ ಶಿವಗುರು, ತಾಯಿ ಆರ್ಯಾಂಬೆ. ಬಹುಕಾಲ ಮಕ್ಕಳಿಲ್ಲದೆ ಕೊರಗಿದ ದಂಪತಿಗಳಿಗೆ ಶಿವನ ಅನುಗ್ರಹದಿಂದ ಈ ಮಗ ಹುಟ್ಟಿದನೆಂದು ಪ್ರತೀತಿ. ಮಗು ಎಳೆಯದಾಗಿರುವಾಗಲೇ ತಂದೆ ತೀರಿಕೊಂಡರು. ಆರ್ಯಾಂಬೆಯೇ ಮಗನಿಗೆ ಉಪನಯನ ಮಾಡಿಸಿ ಗುರುಕುಲಕ್ಕೆ ಕಳುಹಿಸಿದಳು. ಒಮ್ಮೆ ಕೇಳಿದ್ದನ್ನು ಮರೆಯದ ಬಾಲಕ ಎಂಟು ವರ್ಷ ತುಂಬುವಷ್ಟರಲ್ಲಿ ವೇದಾಧ್ಯಯನವನ್ನು ಮುಗಿಸಿದನೆಂದು ಹೇಳುತ್ತಾರೆ. ಗುರುಕುಲದ ದಿನಗಳಲ್ಲಿ ಭಿಕ್ಷೆಗೆಂದು ಬಡವಿಯೊಬ್ಬಳ ಮನೆಯ ಮುಂದೆ ನಿಂತಾಗ ಆಕೆ ಮನೆಯಲ್ಲಿ ಇದ್ದ ಒಂದೇ ಒಂದು ನೆಲ್ಲಿಕಾಯಿಯನ್ನು ತಂದು ನೀಡಿದಳಂತೆ. ಇಲ್ಲದವಳ ಆ ದಾನವನ್ನು ಕಂಡು ಬಾಲಕನ ಮನಸ್ಸು ಕರಗಿ, ಅವಳಿಗಾಗಿ ಲಕ್ಷ್ಮಿಯನ್ನು ಸ್ತುತಿಸಿದನೆಂಬ ಕಥೆ ಇಂದಿಗೂ ಮನೆಮನೆಗಳಲ್ಲಿ ಬಳಕೆಯಲ್ಲಿದೆ.

ಬಾಲಕನ ಮನಸ್ಸು ಸಂಸಾರದ ಕಡೆಗೆ ಒಲಿಯಲಿಲ್ಲ. ಸಂನ್ಯಾಸವನ್ನು ಕೈಕೊಳ್ಳಬೇಕೆಂಬ ಹಂಬಲ ಬೆಳೆಯಿತು. ಆದರೆ ಗಂಡನನ್ನು ಕಳೆದುಕೊಂಡು ಮಗನೊಬ್ಬನನ್ನೇ ನೆಚ್ಚಿಕೊಂಡಿದ್ದ ತಾಯಿ ಹೇಗೆ ಒಪ್ಪಿಯಾಳು? ಒಂದು ದಿನ ನದಿಯಲ್ಲಿ ಸ್ನಾನ ಮಾಡುತ್ತಿದ್ದಾಗ ಮೊಸಳೆಯೊಂದು ಬಾಲಕನ ಕಾಲನ್ನು ಹಿಡಿಯಿತು. ಸಂನ್ಯಾಸಕ್ಕೆ ಅನುಮತಿಯಿತ್ತರೆ ತಾನು ಬದುಕಿಯೇನೆಂದು ಅವನು ತಾಯಿಯನ್ನು ಬೇಡಿಕೊಂಡನು. ಮಗ ಎಲ್ಲಿದ್ದರೂ ಜೀವದಿಂದಿದ್ದರೆ ಸಾಕೆಂದು ಅವಳು ಒಪ್ಪಿದಳು; ಮೊಸಳೆ ಕಾಲನ್ನು ಬಿಟ್ಟಿತು. ಹೊರಡುವ ಮುನ್ನ ಶಂಕರರು ತಾಯಿಗೆ ಒಂದು ಮಾತು ಕೊಟ್ಟರು. ಎಲ್ಲಿದ್ದರೂ ಅವಳ ಅಂತ್ಯಕಾಲಕ್ಕೆ ಬಂದು ಸೇರುವುದಾಗಿಯೂ, ತಮ್ಮ ಕೈಯಿಂದಲೇ ಅವಳ ಉತ್ತರಕ್ರಿಯೆಗಳನ್ನು ನಡೆಸುವುದಾಗಿಯೂ ಆ ಮಾತು. ಸಂನ್ಯಾಸಿಗೆ ಇಂಥ ಕರ್ಮಗಳ ಅಧಿಕಾರವಿಲ್ಲವೆಂಬುದು ಶಾಸ್ತ್ರದ ವಿಧಿ. ಅದನ್ನು ತಿಳಿದೂ ಕೊಟ್ಟ ಈ ಮಾತು ಮುಂದೆ ಅವರನ್ನು ಕಠಿನವಾದ ಪರೀಕ್ಷೆಗೆ ಗುರಿಮಾಡಲಿತ್ತು.

ಗುರುವನ್ನು ಅರಸುತ್ತ ಉತ್ತರಕ್ಕೆ ನಡೆದ ಶಂಕರರು ನರ್ಮದಾ ನದಿಯ ತೀರದಲ್ಲಿ ಗೋವಿಂದ ಭಗವತ್ಪಾದರನ್ನು ಕಂಡು ಅವರ ಶಿಷ್ಯರಾದರು. ಗೋವಿಂದ ಭಗವತ್ಪಾದರ ಗುರುಗಳು ಗೌಡಪಾದರು. ಮಾಂಡೂಕ್ಯೋಪನಿಷತ್ತನ್ನು ಕುರಿತು ಗೌಡಪಾದರು ರಚಿಸಿದ ಕಾರಿಕೆಗಳು ಅದ್ವೈತಸಿದ್ಧಾಂತವನ್ನು ವ್ಯವಸ್ಥಿತವಾಗಿ ನಿರೂಪಿಸುವ ಗ್ರಂಥಗಳಲ್ಲಿ ಬಹು ಹಳೆಯದು. ಈ ಗ್ರಂಥದಲ್ಲಿ ಬೌದ್ಧ ದಾರ್ಶನಿಕರ ಪಾರಿಭಾಷಿಕ ಪದಗಳೂ ದೃಷ್ಟಾಂತಗಳೂ ಹೇರಳವಾಗಿ ಬರುತ್ತವೆ. ತಿರುಗಿಸಿದ ಕೊಳ್ಳಿಯು ಬೆಂಕಿಯ ಚಕ್ರದಂತೆ ತೋರುವ ದೃಷ್ಟಾಂತ ಅವುಗಳಲ್ಲೊಂದು. ಹೀಗೆ ಶಂಕರರಿಗೆ ಗುರುಪರಂಪರೆಯಿಂದ ಬಂದ ವಿದ್ಯೆಯಲ್ಲಿಯೇ ಬೌದ್ಧವಿಚಾರದ ಪರಿಚಯವೂ ಸೇರಿತ್ತು. ಆ ವಿಚಾರವೇನೆಂಬುದನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯಕ.

ಶಂಕರರಿಗಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಶಾಕ್ಯಕುಲದಲ್ಲಿ ಸಿದ್ಧಾರ್ಥನೆಂಬ ರಾಜಕುಮಾರನಿದ್ದನು. ಲುಂಬಿನಿಯಲ್ಲಿ ಹುಟ್ಟಿ ಕಪಿಲವಸ್ತುವಿನಲ್ಲಿ ಸುಖವಾಗಿ ಬೆಳೆದ ಅವನು ಮುಪ್ಪು, ರೋಗ, ಮರಣಗಳನ್ನು ಕಂಡು ಕಳವಳಗೊಂಡನು. ಹೆಂಡತಿಯನ್ನೂ ಮಗನನ್ನೂ ಅರಮನೆಯನ್ನೂ ತೊರೆದು, ಕಠೋರ ತಪಸ್ಸಿನಲ್ಲಿ ಆರು ವರ್ಷ ದೇಹವನ್ನು ದಂಡಿಸಿದನು. ಅದರಿಂದ ಫಲವಿಲ್ಲವೆಂದು ಅರಿತು ಗಯೆಯ ಬಳಿ ಅಶ್ವತ್ಥವೃಕ್ಷದ ಕೆಳಗೆ ಧ್ಯಾನದಲ್ಲಿ ಕುಳಿತು ಬುದ್ಧನಾದನು. ಸಾರನಾಥದಲ್ಲಿ ಐವರು ಶಿಷ್ಯರಿಗೆ ಮೊದಲ ಉಪದೇಶವನ್ನು ನೀಡಿ, ನಲವತ್ತೈದು ವರ್ಷಗಳ ಕಾಲ ಜನರ ಮಾತಿನಲ್ಲಿಯೇ ಧರ್ಮವನ್ನು ಬೋಧಿಸುತ್ತ ಸಂಚರಿಸಿ, ಕುಶಿನಗರದಲ್ಲಿ ಪರಿನಿರ್ವಾಣವನ್ನು ಹೊಂದಿದನು.

ಬುದ್ಧನ ಬೋಧೆಯ ತಿರುಳು ನಾಲ್ಕು ಆರ್ಯಸತ್ಯಗಳಲ್ಲಿದೆ. ಬಾಳು ದುಃಖದಿಂದ ಕೂಡಿದೆ, ದುಃಖಕ್ಕೆ ತೃಷ್ಣೆಯೇ ಕಾರಣ, ತೃಷ್ಣೆ ಅಳಿದರೆ ದುಃಖವೂ ಅಳಿಯುತ್ತದೆ, ಅದಕ್ಕೊಂದು ಮಾರ್ಗವಿದೆ. ಸರಿಯಾದ ದೃಷ್ಟಿ, ಸಂಕಲ್ಪ, ಮಾತು, ನಡತೆ, ಜೀವನೋಪಾಯ, ಪ್ರಯತ್ನ, ಎಚ್ಚರ, ಸಮಾಧಿ ಎಂಬ ಎಂಟು ಅಂಗಗಳಿಂದ ಕೂಡಿದ ಆ ಮಾರ್ಗವು ಭೋಗಲಾಲಸೆಗೂ ದೇಹದಂಡನೆಗೂ ನಡುವಣ ಹಾದಿ. ಜಗತ್ತಿನಲ್ಲಿ ಪ್ರತಿಯೊಂದೂ ಬೇರೊಂದನ್ನು ಆಶ್ರಯಿಸಿ ಹುಟ್ಟುತ್ತದೆ, ಹುಟ್ಟಿದ್ದೆಲ್ಲವೂ ಅಳಿಯುತ್ತದೆ. ನಾನು ಎಂದು ನಾವು ಕರೆಯುವುದು ಕೂಡ ದೇಹ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನಗಳ ಒಂದು ಕೂಟವೇ ಹೊರತು ಅವುಗಳ ಹಿಂದೆ ಬದಲಾಗದೆ ನಿಂತ ಆತ್ಮವೆಂಬುದೊಂದಿಲ್ಲ. ಯಜ್ಞದಲ್ಲಿ ಪಶುವನ್ನು ಬಲಿಗೊಡುವುದನ್ನು ಬುದ್ಧನು ಒಪ್ಪಲಿಲ್ಲ. ಅವನ ಸಂಘದ ಬಾಗಿಲು ಎಲ್ಲ ಕುಲದವರಿಗೂ ತೆರೆದಿತ್ತು. ಕ್ಷೌರಿಕನಾಗಿದ್ದ ಉಪಾಲಿಯು ಸಂಘದ ನಿಯಮಗಳನ್ನು ಬಲ್ಲವರಲ್ಲಿ ಅಗ್ರಗಣ್ಯನೆನಿಸಿದನು.

ಈ ಧರ್ಮವು ಕ್ರಿ. ಪೂ. 3ನೆಯ ಶತಮಾನದಷ್ಟು ಹಿಂದೆಯೇ ಕನ್ನಡ ನಾಡನ್ನು ಮುಟ್ಟಿತು. ಮಸ್ಕಿ, ಬ್ರಹ್ಮಗಿರಿ, ಸನ್ನತಿ ಮೊದಲಾದ ಸ್ಥಳಗಳಲ್ಲಿ ಅಶೋಕನ ಶಾಸನಗಳಿವೆ. ಬನವಾಸಿಗೆ ರಕ್ಖಿತನೆಂಬ ಭಿಕ್ಷುವೂ ಮಹಿಷಮಂಡಲಕ್ಕೆ ಮಹಾದೇವನೆಂಬ ಭಿಕ್ಷುವೂ ಧರ್ಮಬೋಧೆಗಾಗಿ ಬಂದರೆಂದು ಸಿಂಹಳದ ಮಹಾವಂಸವು ತಿಳಿಸುತ್ತದೆ. ಕಾಲಕ್ರಮದಲ್ಲಿ ಬೌದ್ಧರಲ್ಲಿ ಹಲವು ಪಂಥಗಳಾದವು. ಹೊರಗಿನ ವಸ್ತುಗಳು ನಿಜವಾಗಿ ಇವೆ, ಆದರೆ ಕ್ಷಣಮಾತ್ರ ಇರುತ್ತವೆ ಎಂದು ಕೆಲವರು ಹೇಳಿದರು. ಹೊರಗಿನ ವಸ್ತುಗಳಿಲ್ಲ, ಇರುವುದು ವಿಜ್ಞಾನವೊಂದೇ ಎಂದು ಬೇರೆ ಕೆಲವರು ವಾದಿಸಿದರು. ಯಾವುದಕ್ಕೂ ತನ್ನದೇ ಆದ ಸ್ವಭಾವವಿಲ್ಲ, ಎಲ್ಲವೂ ಶೂನ್ಯವೆಂದು ಮಾಧ್ಯಮಿಕರು ಸಾರಿದರು. 7ನೆಯ ಶತಮಾನದಲ್ಲಿ ಧರ್ಮಕೀರ್ತಿಯಂಥ ಮೇಧಾವಿ ಬೌದ್ಧಪಕ್ಷಕ್ಕೆ ತರ್ಕದ ಬಲವಾದ ಕೋಟೆಯನ್ನೇ ಕಟ್ಟಿದ್ದನು. ಶಂಕರರು ಎದುರಿಸಬೇಕಾಗಿದ್ದುದು ಇಂಥ ಪ್ರಬಲರಾದ ವಾದಿಗಳನ್ನು.

ಗುರುವಿನ ಅಪ್ಪಣೆಯಂತೆ ಶಂಕರರು ಕಾಶಿಗೆ ಬಂದರು. ಅಲ್ಲಿ ನಡೆಯಿತೆನ್ನಲಾದ ಒಂದು ಪ್ರಸಂಗ ಅವರ ಚರಿತ್ರೆಯಲ್ಲಿ ಮರೆಯಲಾಗದ್ದು. ಗಂಗಾಸ್ನಾನಕ್ಕೆ ಹೋಗುತ್ತಿದ್ದ ದಾರಿಯಲ್ಲಿ ನಾಯಿಗಳೊಡನೆ ಚಂಡಾಲನೊಬ್ಬನು ಎದುರಾದನು. ದೂರ ಸರಿಯುವಂತೆ ಆಚಾರ್ಯರು ಅವನಿಗೆ ಸೂಚಿಸಿದರು. ಅವನು ಸರಿಯಲಿಲ್ಲ. ಬದಲಾಗಿ, ಸರಿಯಬೇಕಾದುದು ಅನ್ನದಿಂದಾದ ಈ ದೇಹವೋ, ಒಳಗಿರುವ ಚೈತನ್ಯವೋ ಎಂದು ಪ್ರಶ್ನಿಸಿದನು. ದೇಹವಾದರೆ ಇಬ್ಬರದೂ ಒಂದೇ ಬಗೆಯದು. ಚೈತನ್ಯವಾದರೆ ಅದು ಎಲ್ಲೆಡೆಯೂ ತುಂಬಿದೆ, ಅದು ಸರಿಯುವುದಾದರೂ ಎಲ್ಲಿಗೆ? ತಾವು ಬೋಧಿಸುವ ಸಿದ್ಧಾಂತವೇ ಬೀದಿಯಲ್ಲಿ ನಿಂತು ತಮ್ಮನ್ನು ಕೇಳುತ್ತಿದೆಯೆಂಬುದು ಶಂಕರರಿಗೆ ಹೊಳೆಯಿತು. ಈ ಅರಿವುಳ್ಳವನು ಯಾವ ಕುಲದವನಾದರೂ ತಮಗೆ ಗುರುವೆಂದು ಒಪ್ಪಿ ಅವನಿಗೆ ವಂದಿಸಿದರು. ವಿಶ್ವನಾಥನೇ ಆ ರೂಪದಲ್ಲಿ ಬಂದಿದ್ದನೆಂದು ಭಕ್ತರು ನಂಬುತ್ತಾರೆ. ಬಂದವನು ದೇವನಾಗಿರಲಿ, ಸಾಮಾನ್ಯ ಮನುಷ್ಯನಾಗಿರಲಿ, ತಪ್ಪನ್ನು ಒಪ್ಪಿಕೊಂಡು ಬಾಗುವ ಗುರುವನ್ನು ಈ ಕಥೆ ನಮ್ಮ ಮುಂದೆ ನಿಲ್ಲಿಸುತ್ತದೆ.

ಕಾಶಿ ಮತ್ತು ಬದರಿಗಳಲ್ಲಿದ್ದು ಶಂಕರರು ತಮ್ಮ ಭಾಷ್ಯಗಳನ್ನು ರಚಿಸಿದರೆಂದು ಪರಂಪರೆ ಹೇಳುತ್ತದೆ. ಬ್ರಹ್ಮಸೂತ್ರಗಳು, ಪ್ರಮುಖವಾದ ಉಪನಿಷತ್ತುಗಳು ಮತ್ತು ಭಗವದ್ಗೀತೆ ಇವುಗಳಿಗೆ ಅವರು ಬರೆದ ಭಾಷ್ಯಗಳು ಸಂಸ್ಕೃತ ಗದ್ಯಕ್ಕೆ ಮಾದರಿಯಾಗಿವೆ. ಉಪದೇಶಸಾಹಸ್ರಿಯು ಅವರ ಸ್ವತಂತ್ರ ಕೃತಿ. ಅವರ ಹೆಸರಿನಲ್ಲಿ ಪ್ರಚಾರದಲ್ಲಿರುವ ಸ್ತೋತ್ರಗಳು ಅನೇಕ. ಅವುಗಳಲ್ಲಿ ಎಷ್ಟು ಅವರವೆಂಬ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಅವರ ಸಿದ್ಧಾಂತವನ್ನು ಸುಲಭವಾದ ಒಂದು ದೃಷ್ಟಾಂತದಿಂದ ಅರಿಯಬಹುದು. ಮಬ್ಬುಗತ್ತಲೆಯಲ್ಲಿ ದಾರಿಯಲ್ಲಿ ಬಿದ್ದ ಹಗ್ಗ ಹಾವಿನಂತೆ ತೋರುತ್ತದೆ. ನೋಡಿದವನು ಹೆದರುತ್ತಾನೆ, ಬೆವರುತ್ತಾನೆ, ಓಡುತ್ತಾನೆ. ದೀಪ ತಂದಾಗ ಹಾವು ಎಲ್ಲಿಯೂ ಹೋಗುವುದಿಲ್ಲ. ಅದು ಅಲ್ಲಿ ಇರಲೇ ಇಲ್ಲ. ಹಗ್ಗವೊಂದೇ ಮೊದಲೂ ಇತ್ತು, ಆಮೇಲೂ ಇದೆ. ಹಾಗೆಯೇ ಬ್ರಹ್ಮವೆಂಬ ಒಂದೇ ಸತ್ಯದಲ್ಲಿ ನಾವು ಅವಿದ್ಯೆಯಿಂದ ಬಗೆಬಗೆಯ ಭೇದಗಳನ್ನು ಕಾಣುತ್ತೇವೆ. ದೇಹದ ಧರ್ಮಗಳನ್ನು ಆತ್ಮಕ್ಕೆ ಆರೋಪಿಸಿ, ನಾನು ದಪ್ಪ, ನಾನು ತೆಳು, ನಾನು ಉಚ್ಚ, ಅವನು ನೀಚ ಎಂದು ಭಾವಿಸುತ್ತೇವೆ. ಈ ತಪ್ಪು ಆರೋಪಕ್ಕೆ ಶಂಕರರು ಅಧ್ಯಾಸವೆಂದು ಹೆಸರಿಟ್ಟರು. ಅದು ಹೋಗುವುದು ಕರ್ಮದಿಂದಲ್ಲ, ಜ್ಞಾನದಿಂದ ಮಾತ್ರ. ಕರ್ಮವು ಚಿತ್ತವನ್ನು ಶುದ್ಧಿಗೊಳಿಸಿ ಜ್ಞಾನಕ್ಕೆ ಹಾದಿ ಮಾಡಬಲ್ಲದು, ಅಷ್ಟೆ. ಜೀವನೂ ಬ್ರಹ್ಮವೂ ಬೇರೆಯಲ್ಲವೆಂದು ಅರಿತವನು ಇಲ್ಲಿಯೇ, ಈ ದೇಹದಲ್ಲಿರುವಾಗಲೇ ಮುಕ್ತನು.

ದುಃಖದ ಬೇರು ಅಜ್ಞಾನದಲ್ಲಿದೆಯೆಂಬಲ್ಲಿ, ಕಾಣುವ ಜಗತ್ತೇ ಕಡೆಯ ಸತ್ಯವಲ್ಲವೆಂಬಲ್ಲಿ, ವ್ಯವಹಾರದ ಸತ್ಯವನ್ನೂ ಪರಮಾರ್ಥದ ಸತ್ಯವನ್ನೂ ಬೇರೆಯಾಗಿ ಎಣಿಸುವಲ್ಲಿ ಬೌದ್ಧರಿಗೂ ಶಂಕರರಿಗೂ ಹತ್ತಿರದ ಹೋಲಿಕೆಯಿದೆ. ಈ ಕಾರಣದಿಂದಲೇ ಮುಂದಿನ ಕೆಲವು ವೇದಾಂತಿಗಳು ಅವರನ್ನು ಪ್ರಚ್ಛನ್ನಬೌದ್ಧರೆಂದು, ಎಂದರೆ ಮರೆಯಲ್ಲಿರುವ ಬೌದ್ಧರೆಂದು ಆಕ್ಷೇಪಿಸಿದರು. ಆದರೆ ಮುಖ್ಯವಾದ ಒಂದು ವಿಷಯದಲ್ಲಿ ಎರಡು ದಾರಿಗಳೂ ಕವಲೊಡೆಯುತ್ತವೆ. ಬದಲಾಗದ ಆತ್ಮವಿಲ್ಲವೆಂದು ಬೌದ್ಧರು ಹೇಳಿದರೆ, ಬದಲಾಗದ ಆತ್ಮವೊಂದೇ ನಿಜವೆಂದು ಶಂಕರರು ಹೇಳಿದರು.

ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಈ ವಾದ ವಿಸ್ತಾರವಾಗಿ ಬರುತ್ತದೆ. ಅಲ್ಲಿ ಶಂಕರರು ಮೊದಲು ಬೌದ್ಧರ ಪಕ್ಷವನ್ನು ಅದರ ಯುಕ್ತಿಗಳೊಡನೆ ನಿರೂಪಿಸುತ್ತಾರೆ. ಆಮೇಲೆ ತಮ್ಮ ಉತ್ತರವನ್ನು ನೀಡುತ್ತಾರೆ. ಎಲ್ಲವೂ ಕ್ಷಣಕ್ಷಣಕ್ಕೆ ನಾಶವಾಗುವುದಾದರೆ ನೆನಪು ಹೇಗೆ ಸಾಧ್ಯವೆಂದು ಅವರು ಕೇಳುತ್ತಾರೆ. ನಿನ್ನೆ ನೋಡಿದವನೂ ಇಂದು ನೆನೆಯುವವನೂ ಒಬ್ಬನೇ ಆಗಿದ್ದರಲ್ಲವೇ ನಿನ್ನೆ ಕಂಡದ್ದನ್ನು ಇಂದು ಗುರುತಿಸಲು ಸಾಧ್ಯ? ಹೊರಗಿನ ವಸ್ತುವೇ ಇಲ್ಲ, ಇರುವುದು ಅರಿವು ಮಾತ್ರವೆಂಬ ವಾದಕ್ಕೂ ಅವರ ಉತ್ತರ ಸರಳವಾಗಿದೆ. ಕಂಬವನ್ನು ನೋಡುವವನಿಗೆ ಕಾಣುವುದು ಕಂಬವೇ ಹೊರತು ಕಂಬದ ಅರಿವಲ್ಲ. ಎಚ್ಚರವು ಕನಸಿನಂತೆಯೇ ಎನ್ನುವುದೂ ಸಲ್ಲದು. ಏಕೆಂದರೆ ಎದ್ದೊಡನೆ ಕನಸು ಸುಳ್ಳೆಂದು ತಿಳಿಯುತ್ತದೆ, ಎಚ್ಚರದಲ್ಲಿ ಕಂಡದ್ದು ಹಾಗೆ ಸುಳ್ಳಾಗುವುದಿಲ್ಲ. ಜಗತ್ತನ್ನು ಮಾಯೆಯೆಂದು ಕರೆದ ಆಚಾರ್ಯರೇ ವ್ಯವಹಾರದಲ್ಲಿ ಜಗತ್ತಿನ ಇರವನ್ನು ಹೀಗೆ ಎತ್ತಿಹಿಡಿದದ್ದು ಗಮನಾರ್ಹ. ಶೂನ್ಯವಾದವನ್ನು ಮಾತ್ರ ಅವರು ಕೆಲವೇ ಮಾತುಗಳಲ್ಲಿ ತಳ್ಳಿಹಾಕಿದರು. ಬುದ್ಧನನ್ನು ಕುರಿತ ಅವರ ಕೆಲವು ಮಾತುಗಳು ಕಟುವಾಗಿವೆಯೆಂಬುದನ್ನೂ ಮರೆಮಾಚಬೇಕಾಗಿಲ್ಲ. ಅಂದಿನ ವಾದಗ್ರಂಥಗಳ ಧಾಟಿಯೇ ಅಂಥದು.

ಎದುರಾಳಿಯನ್ನು ಅರಿಯುವುದೆಂದರೇನು, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ಶಂಕರವಿಜಯಗಳು ಕುಮಾರಿಲಭಟ್ಟರ ಕಥೆಯ ಮೂಲಕ ಹೇಳುತ್ತವೆ. ವೈದಿಕ ಕರ್ಮಮಾರ್ಗದ ಮಹಾಪಂಡಿತರಾದ ಕುಮಾರಿಲರು ಬೌದ್ಧಮತವನ್ನು ಖಂಡಿಸುವುದಕ್ಕಾಗಿ ವೇಷಮರೆಸಿಕೊಂಡು ಬೌದ್ಧ ಗುರುವಿನ ಬಳಿ ವಿದ್ಯೆ ಕಲಿತರಂತೆ. ಮುಂದೆ ಆ ವಿದ್ಯೆಯಿಂದಲೇ ಬೌದ್ಧರನ್ನು ವಾದದಲ್ಲಿ ಸೋಲಿಸಿದರು. ಆದರೆ ಗುರುವಿಗೆ ಮೋಸ ಮಾಡಿದೆನೆಂಬ ನೋವು ಅವರನ್ನು ಬಿಡಲಿಲ್ಲ. ಪ್ರಾಯಶ್ಚಿತ್ತಕ್ಕಾಗಿ ಪ್ರಯಾಗದಲ್ಲಿ ಉರಿಯುವ ಹೊಟ್ಟಿನ ರಾಶಿಯ ನಡುವೆ ಕುಳಿತರು. ಶಂಕರರು ಅವರನ್ನು ಕಂಡದ್ದು ಆ ಸ್ಥಿತಿಯಲ್ಲಿ. ವಾದಮಾಡಲು ತಮಗಿನ್ನು ಸಮಯವಿಲ್ಲವೆಂದೂ, ಮಾಹಿಷ್ಮತಿಯಲ್ಲಿರುವ ಮಂಡನಮಿಶ್ರರನ್ನು ಕಾಣಬೇಕೆಂದೂ ತಿಳಿಸಿ ಕುಮಾರಿಲರು ಪ್ರಾಣಬಿಟ್ಟರು.

ಮಂಡನಮಿಶ್ರರು ಗೃಹಸ್ಥರು, ಕರ್ಮನಿಷ್ಠರು. ವಾದದಲ್ಲಿ ಸೋತವನು ಗೆದ್ದವನ ಆಶ್ರಮವನ್ನು ಸ್ವೀಕರಿಸಬೇಕೆಂದು ಪಣವಾಯಿತು. ತೀರ್ಪು ಹೇಳುವ ಸ್ಥಾನದಲ್ಲಿ ಮಂಡನರ ಪತ್ನಿ ಉಭಯಭಾರತಿಯೇ ಕುಳಿತಳು. ಇಬ್ಬರ ಕೊರಳಿಗೂ ಆಕೆ ಹೂಮಾಲೆ ಹಾಕಿ, ಯಾರ ಮಾಲೆ ಬಾಡುವುದೋ ಅವರು ಸೋತಂತೆ ಎಂದು ತಿಳಿಸಿದಳು. ದಿನಗಳು ಕಳೆದವು. ಕಡೆಗೆ ಬಾಡಿದ್ದು ಮಂಡನರ ಮಾಲೆ. ಆ ತೀರ್ಪನ್ನು ಉಚ್ಚರಿಸಿದರೆ ಗಂಡ ಸಂನ್ಯಾಸಿಯಾಗುತ್ತಾನೆ, ಮನೆ ಬರಿದಾಗುತ್ತದೆ. ಅದನ್ನು ಅರಿತೂ ಉಭಯಭಾರತಿ ಸತ್ಯವನ್ನು ಮರೆಮಾಚಲಿಲ್ಲ. ಆಮೇಲೆ ತಾನೇ ವಾದಕ್ಕೆ ನಿಂತು ಶಂಕರರನ್ನು ಪ್ರಶ್ನೆಗಳಿಂದ ಕಂಗೆಡಿಸಿದಳು. ಕೊನೆಗೆ ಮಂಡನರು ಸುರೇಶ್ವರರೆಂಬ ಹೆಸರಿನಿಂದ ಶಂಕರರ ಶಿಷ್ಯರಾದರೆಂದು ಪರಂಪರೆಯು ಹೇಳುತ್ತದೆ. ಇವರಿಬ್ಬರೂ ಒಬ್ಬರೇ ಎಂಬುದನ್ನು ಇಂದಿನ ವಿದ್ವಾಂಸರೆಲ್ಲರೂ ಒಪ್ಪುವುದಿಲ್ಲವಾದರೂ, ನೈಷ್ಕರ್ಮ್ಯಸಿದ್ಧಿಯನ್ನು ರಚಿಸಿದ ಸುರೇಶ್ವರರು ಶಂಕರರ ಶಿಷ್ಯಶ್ರೇಷ್ಠರೆಂಬುದರಲ್ಲಿ ಸಂದೇಹವಿಲ್ಲ.

ಶಿಷ್ಯರೊಡನೆ ದಕ್ಷಿಣಕ್ಕೆ ತಿರುಗಿದ ಶಂಕರರು ತುಂಗಾತೀರಕ್ಕೆ ಬಂದರು. ಋಷ್ಯಶೃಂಗನ ಹೆಸರಿನಿಂದ ಶೃಂಗೇರಿಯೆನಿಸಿದ ಈ ನೆಲದ ಸಮೀಪದ ಕಿಗ್ಗದಲ್ಲಿ ಆ ಋಷಿಯ ಹೆಸರಿನ ಶಿವಾಲಯ ಇಂದಿಗೂ ಇದೆ. ಅದು ಉರಿಬಿಸಿಲಿನ ಮಧ್ಯಾಹ್ನ. ನದಿಯ ದಡದಲ್ಲಿ ಪ್ರಸವವೇದನೆಯಿಂದ ನರಳುತ್ತಿದ್ದ ಕಪ್ಪೆಯೊಂದಕ್ಕೆ ನಾಗರಹಾವು ಹೆಡೆಯೆತ್ತಿ ನೆರಳು ಮಾಡಿತ್ತು. ಹುಟ್ಟುವೈರಿಗಳೇ ವೈರವನ್ನು ಮರೆತ ಆ ನೋಟವನ್ನು ಕಂಡು, ತಮ್ಮ ಪೀಠಕ್ಕೆ ಇದಕ್ಕಿಂತ ತಕ್ಕ ಸ್ಥಳವಿಲ್ಲವೆಂದು ಆಚಾರ್ಯರು ನಿರ್ಧರಿಸಿದರಂತೆ. ಆ ಕಥೆಯ ಗುರುತಾಗಿ ಸ್ನಾನಘಟ್ಟದ ಬಳಿ ಕಪ್ಪೆಶಂಕರನ ಪುಟ್ಟ ಗುಡಿಯಿದೆ. ಅಲ್ಲಿ ಅವರು ಶ್ರೀಚಕ್ರದ ಮೇಲೆ ಚಂದನದ ಶಾರದಾಮೂರ್ತಿಯನ್ನು ಪ್ರತಿಷ್ಠಾಪಿಸಿ, ಊರಿನ ನಾಲ್ಕು ದಿಕ್ಕುಗಳಲ್ಲಿ ಕಾಲಭೈರವ, ದುರ್ಗೆ, ಆಂಜನೇಯ, ಕಾಳಿಕೆಯರನ್ನು ಕಾವಲಿಗಿಟ್ಟು, ಸುರೇಶ್ವರರನ್ನು ಪೀಠದಲ್ಲಿ ಕುಳ್ಳಿರಿಸಿದರೆಂದು ಮಠದ ಪರಂಪರೆ ನಂಬುತ್ತದೆ. ಪುರಿ, ದ್ವಾರಕೆ, ಬದರಿಗಳಲ್ಲಿಯೂ ಪೀಠಗಳು ಸ್ಥಾಪಿತವಾದವು. ಚದುರಿಹೋಗಿದ್ದ ಸಂನ್ಯಾಸಿಗಳನ್ನು ಮಠಗಳ ನೆರಳಿನಲ್ಲಿ ಒಂದುಗೂಡಿಸುವ ಈ ಏರ್ಪಾಡಿನಲ್ಲಿ ಬೌದ್ಧ ವಿಹಾರಗಳ ಮಾದರಿಯ ಛಾಯೆಯನ್ನು ಕೆಲವು ಇತಿಹಾಸಕಾರರು ಗುರುತಿಸಿದ್ದಾರೆ.

ಶಿಷ್ಯರಲ್ಲಿ ಗಿರಿಯೆಂಬ ಒಬ್ಬನಿದ್ದನು. ಅವನು ಗುರುಸೇವೆಯಲ್ಲಿ ನಿಷ್ಠನು, ಪಾಠದಲ್ಲಿ ಮಂದನು. ಒಂದು ದಿನ ಗುರುವಿನ ಬಟ್ಟೆಯನ್ನು ಒಗೆಯಲು ಹೋದ ಗಿರಿ ಬರುವವರೆಗೂ ಆಚಾರ್ಯರು ಪಾಠವನ್ನು ಆರಂಭಿಸಲಿಲ್ಲ. ಬುದ್ಧಿವಂತರಾದ ಇತರ ಶಿಷ್ಯರಿಗೆ ಇದು ಸರಿಬೀಳಲಿಲ್ಲ. ಆಗ ಗುರುಕೃಪೆಯಿಂದ ಗಿರಿಯ ಬುದ್ಧಿ ಬೆಳಗಿ, ಅವನು ತೋಟಕವೃತ್ತದಲ್ಲಿ ಗುರುವನ್ನು ಸ್ತುತಿಸುತ್ತ ಬಂದನೆಂದೂ, ಅಂದಿನಿಂದ ತೋಟಕಾಚಾರ್ಯನೆನಿಸಿದನೆಂದೂ ಹೇಳುತ್ತಾರೆ. ತಮ್ಮ ಬುದ್ಧಿಯನ್ನು ನೆಚ್ಚಿ ಬೀಗಿದವರು ಅಂದು ತಲೆತಗ್ಗಿಸಿದರು.

ಹೀಗಿರುವಾಗ ತಾಯಿಯ ಅಂತ್ಯಕಾಲ ಸಮೀಪಿಸಿತೆಂದು ಶಂಕರರಿಗೆ ತಿಳಿಯಿತು. ಅವರು ಕಾಲಡಿಗೆ ಧಾವಿಸಿ ತಾಯಿಯ ಪಕ್ಕದಲ್ಲಿ ಕುಳಿತರು. ಆರ್ಯಾಂಬೆ ಮಗನ ಮುಖವನ್ನು ನೋಡುತ್ತ ಕಣ್ಣುಮುಚ್ಚಿದಳು. ಸಂನ್ಯಾಸಿಯು ಶವಸಂಸ್ಕಾರ ಮಾಡುವುದು ಅಧರ್ಮವೆಂದು ಬಂಧುಗಳು ದೂರ ನಿಂತರು. ಹೆಗಲು ಕೊಡಲಿಲ್ಲ, ಬೆಂಕಿಯನ್ನೂ ಕೊಡಲಿಲ್ಲ. ಒಂದು ಕಡೆ ಆಶ್ರಮದ ನಿಯಮ, ಇನ್ನೊಂದು ಕಡೆ ತಾಯಿಗೆ ಕೊಟ್ಟ ಮಾತು. ಶಂಕರರು ಮಾತನ್ನೇ ಹಿಡಿದರು. ಒಬ್ಬರೇ ದೇಹವನ್ನು ಹೊತ್ತು ಮನೆಯ ಹಿತ್ತಿಲಿಗೆ ತಂದು, ಬಾಳೆಯ ದಿಂಡುಗಳ ಚಿತೆಯಲ್ಲಿ ಸಂಸ್ಕಾರ ಮಾಡಿದರೆಂದು ಕಥೆ. ಎಲ್ಲವನ್ನೂ ತೊರೆದವರು ತಾಯಿಯ ಋಣವನ್ನು ತೊರೆಯಲಿಲ್ಲ.

ಶಂಕರರ ಬಾಳಿನಲ್ಲಿಯೂ ಅವರ ಕಾಲದ ಎಲ್ಲೆಗಳಿದ್ದವು. ಎಲ್ಲರಲ್ಲಿಯೂ ಒಂದೇ ಆತ್ಮವೆಂದು ಸಾರಿದ ಅವರು ಸೂತ್ರಭಾಷ್ಯದಲ್ಲಿ ಅಂದಿನ ಶಾಸ್ತ್ರಕ್ಕೆ ಅನುಸಾರವಾಗಿ ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲವೆಂದು ಬರೆದರು. ಅಲ್ಲಿಯೇ ವಿದುರ, ಧರ್ಮವ್ಯಾಧರು ಜ್ಞಾನಿಗಳಾಗಿದ್ದುದನ್ನು ನೆನೆದು, ಇತಿಹಾಸ ಪುರಾಣಗಳ ಮೂಲಕ ಜ್ಞಾನದ ಹಾದಿ ನಾಲ್ಕು ವರ್ಣದವರಿಗೂ ಇದೆಯೆಂದು ಒಪ್ಪಿದರು. ಬುದ್ಧನು ಎಲ್ಲ ಕುಲದವರಿಗೂ ತೆರೆದ ಬಾಗಿಲನ್ನು ಶಂಕರರು ಅಷ್ಟು ಅಗಲವಾಗಿ ತೆರೆಯಲಿಲ್ಲ. ಕಾಶಿಯ ಚಂಡಾಲನ ಪ್ರಶ್ನೆಗೆ ಪೂರ್ಣವಾದ ಉತ್ತರ ಕೊಡುವ ಹೊಣೆ ಹೀಗೆ ಮುಂದಿನ ತಲೆಮಾರುಗಳ ಪಾಲಿಗೆ ಉಳಿಯಿತು.

ದೇಶವನ್ನೆಲ್ಲ ಸುತ್ತಿದ ಶಂಕರರು ತಮ್ಮ 32ನೆಯ ವಯಸ್ಸಿನಲ್ಲಿ ಹಿಮಾಲಯದ ಕೇದಾರದಲ್ಲಿ ದೇಹವನ್ನು ಬಿಟ್ಟರೆಂಬುದು ಪ್ರಸಿದ್ಧವಾದ ನಂಬಿಕೆ. ಬೌದ್ಧಧರ್ಮವನ್ನು ಅವರು ಭಾರತದಿಂದ ಓಡಿಸಿದರೆಂದು ಹೇಳುವುದುಂಟು. ಇತಿಹಾಸ ಇದನ್ನು ಒಪ್ಪುವುದಿಲ್ಲ. ಶಂಕರರಾದ ಮೇಲೆಯೂ ನಾಲಂದದ ಮಹಾವಿಹಾರ ಸುಮಾರು ನಾಲ್ಕು ಶತಮಾನಗಳ ಕಾಲ ಬೆಳಗಿತು. ಕನ್ನಡ ನಾಡಿನಲ್ಲಿಯೇ ಮಂಗಳೂರಿನ ಕದ್ರಿಯಲ್ಲಿ 968ರಲ್ಲಿ ಲೋಕೇಶ್ವರನ ಸುಂದರವಾದ ಕಂಚಿನ ಮೂರ್ತಿ ಪ್ರತಿಷ್ಠಿತವಾಯಿತು. ಬಳ್ಳಿಗಾವಿಯಲ್ಲಿ 11ನೆಯ ಶತಮಾನದಲ್ಲಿ ಬೌದ್ಧವಿಹಾರವೊಂದು ನಿರ್ಮಾಣವಾಯಿತು. ಡಂಬಳದಲ್ಲಿ 1095ರ ಸುಮಾರಿಗೆ ವರ್ತಕರು ಕಟ್ಟಿಸಿದ ತಾರಾದೇವಿಯ ವಿಹಾರವನ್ನು ಶಾಸನವು ಸ್ಮರಿಸುತ್ತದೆ. ಬೌದ್ಧಧರ್ಮ ಕ್ಷೀಣಿಸಿದುದಕ್ಕೆ ರಾಜಾಶ್ರಯ ತಪ್ಪಿದ್ದು, ವಿಹಾರಗಳು ಹಾಳಾದದ್ದು, ಬುದ್ಧನನ್ನೇ ವಿಷ್ಣುವಿನ ಅವತಾರವೆಂದು ಎಣಿಸಿದ್ದು ಮೊದಲಾದ ಕಾರಣಗಳು ಹಲವು. ಶಂಕರರು ಹಿಡಿದ ಆಯುಧ ಯುಕ್ತಿಯೊಂದೇ.

ಶಂಕರರ ಹೆಸರನ್ನು ಹೊತ್ತ ಪೀಠ ಮುಂದೆ ಕರ್ನಾಟಕದ ಇತಿಹಾಸದಲ್ಲಿ ಹಿರಿದಾದ ಸ್ಥಾನವನ್ನು ಪಡೆಯಿತು. 1346ರಲ್ಲಿ ವಿಜಯನಗರದ ಹರಿಹರನೂ ಅವನ ಸಹೋದರರೂ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ದಾನಗಳನ್ನು ಅರ್ಪಿಸಿದರು. ಆ ಶತಮಾನದಲ್ಲಿಯೇ ವಿದ್ಯಾಶಂಕರ ದೇವಾಲಯ ಎದ್ದಿತು. ಅದರ ನವರಂಗದ ಹನ್ನೆರಡು ಕಂಬಗಳಲ್ಲಿ ಹನ್ನೆರಡು ರಾಶಿಗಳ ಚಿಹ್ನೆಗಳನ್ನು ಕೆತ್ತಿದ್ದಾರೆ. 1791ರಲ್ಲಿ ಮರಾಠ ಸೈನ್ಯದ ಕೂಟವೊಂದು ಮಠವನ್ನು ಕೊಳ್ಳೆಹೊಡೆದಾಗ, ಟಿಪ್ಪು ಸುಲ್ತಾನನು ಶಾರದೆಯ ಪುನಃಪ್ರತಿಷ್ಠೆಗೆ ನೆರವನ್ನು ಕಳುಹಿಸಿದನು.

ಇಂದಿಗೂ ಭಾದ್ರಪದಮಾಸದಲ್ಲಿ ಶೃಂಗೇರಿಯಲ್ಲಿ ವಿದ್ವತ್ಸಭೆ ಸೇರುತ್ತದೆ. ತುಂಗೆಯ ದಡದ ಪಾಠಶಾಲೆಯಲ್ಲಿ ಸೂತ್ರಭಾಷ್ಯವನ್ನು ಓದುವ ವಿದ್ಯಾರ್ಥಿಯು ಬೌದ್ಧರ ವಾದವನ್ನು ಮೊದಲು ತಾನೇ ನಿರೂಪಿಸಲು ಕಲಿಯಬೇಕು. ಆಮೇಲೆ ಆಚಾರ್ಯರ ಉತ್ತರವನ್ನು ಕಲಿಯಬೇಕು. ವಿಹಾರವಿಲ್ಲದ ನೆಲದಲ್ಲಿ ಬೌದ್ಧರ ವಿಚಾರ ಹೀಗೆ ವಾದಿಸಿದವರ ಮನೆಯಲ್ಲಿಯೇ ಉಳಿದುಬಂದಿದೆ. ಒಪ್ಪದಿರುವ ಮತವನ್ನು ಮೊದಲು ಸರಿಯಾಗಿ ತಿಳಿ, ಆಮೇಲೆ ಉತ್ತರ ಹೇಳು ಎಂಬುದು ಶಂಕರರ ಭಾಷ್ಯಗಳು ಕಲಿಸುವ ಶಿಸ್ತು. ವೇದಾಂತಿಗೆ ಮಾತ್ರವಲ್ಲ, ನೆರೆಹೊರೆಯಲ್ಲಿ ಹಲವು ಮತಗಳವರು ಕೂಡಿ ಬಾಳುವ ನಾಡಿನ ಪ್ರತಿಯೊಬ್ಬ ಪ್ರಜೆಗೂ ಆ ಶಿಸ್ತು ಬೇಕು. ಗಂಗಾಮೂಲದಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆ ಭದ್ರೆಯರು ಕೂಡಲಿಯಲ್ಲಿ ಮತ್ತೆ ಒಂದಾಗುತ್ತಾರೆ. ಅಲ್ಲಿಯವರೆಗೆ ಎರಡು ನದಿಗಳೂ ತಮ್ಮ ತಮ್ಮ ದಡದ ಗದ್ದೆ ತೋಟಗಳಿಗೆ ನೀರುಣಿಸುತ್ತಲೇ ಹರಿಯುತ್ತವೆ.